ಕೊನೆಯ ಪಂಕ್ತಿಯ ಮೇಷ್ಟ್ರು

ಬಡಿಸುವವರಲ್ಲಿ ಎರಡು ಬಗೆ. ಪಾತ್ರೆ ನೋಡಿಕೊಂಡು ಬಡಿಸುವವರು ಒಂದು ಬಗೆ. ಸಾರು ಕೊನೆಯ ಎಲೆಯ ತನಕ ಬರುತ್ತದೋ ಇಲ್ಲವೋ ಎಂಬುದೊಂದೇ ಅವರ ಚಿಂತೆ. ಉಣ್ಣುವವರನ್ನು ನೋಡಿಕೊಂಡು ಬಡಿಸುವವರು ಇನ್ನೊಂದು ಬಗೆ. ನಮ್ಮ ಶಾಲೆಯ ಹಿರಿಯ ಮೇಷ್ಟ್ರು ಎರಡನೆಯ ಬಗೆಯವರು. ಮದುವೆಯಾಗಲಿ, ಬೀಗರ ಊಟವಾಗಲಿ, ಶಾಲೆಯ ಬಿಸಿಯೂಟವಾಗಲಿ, ಹೆಗಲಿಗೊಂದು ಟವೆಲ್ ಹಾಕಿ ಸೌಟು ಹಿಡಿದು ನಿಂತರೆಂದರೆ ಅವರನ್ನು ಅಲ್ಲಿಂದ ಕದಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

"ಬ್ಯಾಡ ಅನ್ನೋ ಬಾಯ್ನ ನೋಡ್ಬಾರ್ದು ಟೀಚರೇ, ಎಲೆ ಮ್ಯಾಲಿರೋ ಕೈ ನೋಡ್ಬೇಕು" ಎನ್ನುತ್ತಿದ್ದರು. "ಕೈ ಎಲೆಗೆ ಅಂಟ್ಕಂಡಿದ್ರೆ ನಿಜ್ವಾಗ್ಲೂ ಬ್ಯಾಡ. ಮ್ಯಾಕೆದ್ದು ಗಾಳೀಲಿ ಆಡ್ತಿದ್ರೆ, ಅದು ನಾಚ್ಕೆ. ಅಲ್ಲಿಗೆ ಇನ್ನೊಂದ್ ಸೌಟು ಬುಡ್ಬೇಕು."

ನಾನು ಕೊಳ್ಳೇಗಾಲದ ಪೇಟೆಯಲ್ಲಿ ಹುಟ್ಟಿದವಳು. ಸ್ವಲ್ಪ ಸಿಡುಕಿ ಎಂದು ನಮ್ಮ ಮನೆಯವರೇ ಹೇಳುತ್ತಾರೆ. ಮೇಷ್ಟ್ರು ಹನೂರಿನ ಆಚೆಯ ಹಳ್ಳಿಯವರು. ನಮ್ಮ ಶಾಲೆ ಇವೆರಡರ ನಡುವೆ, ಹನೂರು ರಸ್ತೆಯಿಂದ ಒಳಕ್ಕಿದ್ದ ಒಂದು ಊರಿನಲ್ಲಿತ್ತು. ಬೆಳಿಗ್ಗೆ ನಾನು ಒಂದು ಕಡೆಯ ಬಸ್ಸಿನಿಂದ, ಅವರು ಇನ್ನೊಂದು ಕಡೆಯ ಬಸ್ಸಿನಿಂದ ಇಳಿದು ಒಟ್ಟಿಗೆ ಊರೊಳಗೆ ನಡೆಯುತ್ತಿದ್ದೆವು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹಿಡಿದು ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ. ಯಾರದಾದರೂ ಬೀಳ್ಕೊಡುಗೆಯಲ್ಲಿ ಅವರ ಬಗ್ಗೆ ಎರಡು ಒಳ್ಳೆಯ ಮಾತು ಶುರುವಾಯಿತೆಂದರೆ ಮೆಲ್ಲಗೆ ಎದ್ದು ಅಡುಗೆಕೋಣೆ ಸೇರಿಕೊಳ್ಳುತ್ತಿದ್ದರು.

ಹಾಗೆಂದು ದೇವತಾಮನುಷ್ಯರೇನೂ ಅಲ್ಲ. ಹಾಜರಿ ಪುಸ್ತಕ ತುಂಬುವುದನ್ನು ತಿಂಗಳ ಕೊನೆಯವರೆಗೂ ಎಳೆದು ಆಮೇಲೆ ನನ್ನ ತಲೆಗೆ ಕಟ್ಟುತ್ತಿದ್ದರು. ಕೇರಂ ಆಡುವಾಗ ಕಣ್ಣೆದುರೇ ಮೋಸ ಮಾಡುತ್ತಿದ್ದರು, ಹಿಡಿದರೆ ನಗುತ್ತಿದ್ದರು. ಮೀಸೆಗೆ ತಪ್ಪದೆ ಬಣ್ಣ ಹಚ್ಚುತ್ತಿದ್ದರು, ತಲೆಗೆ ಮಾತ್ರ ಇಲ್ಲ. ಹಟವಂತೂ ಹೇಳತೀರದು. ಅದರಲ್ಲೂ ಊಟದ ವಿಷಯದಲ್ಲಿ. ಎಲ್ಲರೂ ಉಂಡೆದ್ದ ಮೇಲೆ, ಅಡುಗೆಯವರ ಜೊತೆ, ಕೊನೆಯ ಪಂಕ್ತಿಯಲ್ಲೇ ಅವರು ಕೂರಬೇಕು. ಬಡಿಸಿದವನು ಮೊದಲು ಉಣ್ಣಬಾರದು ಎಂಬುದು ಅವರ ಅಪ್ಪನಿಂದ ಬಂದದ್ದಂತೆ. ಯಳಂದೂರಿನಲ್ಲಿ ನನ್ನ ತಂಗಿಯ ಮದುವೆಗೆ ಬಂದವರು ಅಲ್ಲಿಯೂ ಸೌಟು ಹಿಡಿದರು. ಬೀಗರ ಕಡೆಯವರು ಅವರನ್ನು ಅಡುಗೆ ಭಟ್ಟರ ಕಡೆಯವರೆಂದೇ ತಿಳಿದು, "ಏನಪ್ಪಾ, ಇಲ್ಲಿ ಹಪ್ಪಳ ಬರಲಿಲ್ಲ" ಎಂದು ಗದರಿದ್ದರು. ನನಗೆ ಉರಿದುಹೋಯಿತು. ಅವರು ಹಪ್ಪಳ ತಂದು ಬಡಿಸಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಆ ಕಣ್ಣೇ ಮೊದಲು ಕೈಕೊಟ್ಟಿತು. ಎಡಗಣ್ಣಿನ ರೆಪ್ಪೆ ಮಧ್ಯಾಹ್ನವಾಗುತ್ತಲೂ ಅರ್ಧಕ್ಕೆ ಇಳಿಯತೊಡಗಿತು. ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಎರಡು ಕಣ್ಣೂ ಸರಿಯಾಗಿಯೇ ಇರುತ್ತಿದ್ದವು. ಕೊನೆಯ ಪಿರಿಯಡ್ಡಿನ ಹೊತ್ತಿಗೆ ಒಂದು ಕಣ್ಣು ಮುಚ್ಚೇಹೋಗುತ್ತಿತ್ತು. ಮಕ್ಕಳು ಕಿಸಿಕಿಸಿ ನಕ್ಕರೆ, "ನಗ್ಬ್ಯಾಡ್ರಲಾ. ಈ ಕಣ್ಣು ಮಧ್ಯಾನದ್ ಮ್ಯಾಲೆ ಅರ್ಧ ದಿನ ರಜಾ ಆಕದೆ. ಇನ್ನೊಂದು ಡ್ಯೂಟೀಲದೆ, ನೋಡ್ತಾನೆ ಅದೆ" ಎಂದು ಗದರುತ್ತಿದ್ದರು. ಆಮೇಲಾಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಚೂರು ಕತ್ತರಿಸಿ, ರೆಪ್ಪೆಯನ್ನು ಹಣೆಗೆ ಎತ್ತಿ ಅಂಟಿಸಿಕೊಂಡೇ ಪಾಠ ಮಾಡಿದರು. ಆ ಮುಖ ನೋಡಿ ನಾನೂ ನಕ್ಕಿದ್ದೇನೆ.

ಕಣ್ಣಿನ ಹಿಂದೆಯೇ ದನಿ ಹೋಯಿತು. ಪಾಠ ಶುರುವಾದಾಗ ಹೊಲದಾಚೆಗೂ ಕೇಳುವಂತಿದ್ದ ದನಿ ಪುಟ ಮುಗಿಯುವಷ್ಟರಲ್ಲಿ ಮೂಗಿನೊಳಗೆ ಸೇರಿಕೊಂಡು ತೊದಲುತ್ತಿತ್ತು. ಒಂದು ಸಂಜೆ ಪೋಷಕರ ಸಭೆ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಮಗುಚಿ ಜನ ಬರುವುದೇ ತಡವಾಗಿತ್ತು. ಮೇಷ್ಟ್ರು ಮಾತಿಗೆ ಎದ್ದರು. ಕಣ್ಣು ಜೋತಿದೆ, ನಾಲಿಗೆ ಹೊರಳುತ್ತಿಲ್ಲ. ಹಿಂದಿನ ಸಾಲಿನಿಂದ ಯಾರೋ ಹೇಳಿದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು.

"ಮೇಷ್ಟ್ರು ಇವತ್ತು ಜೋರಾಗೇ ಏರ್ಸ್ಕಂಡವ್ರೆ ಕಣ್ಲಾ."

ಜೀವಮಾನದಲ್ಲಿ ಬೀಡಿ ಸಹ ಮುಟ್ಟದ ಮನುಷ್ಯ. ಮಾತು ಅಲ್ಲಿಗೇ ನಿಲ್ಲಿಸಿ ಕೂತುಬಿಟ್ಟರು. ವಾಪಸು ರಸ್ತೆಗೆ ನಡೆದು ಬರುವಾಗ ನಾನು ಆ ಊರಿನವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದುಬಿಟ್ಟರು.

ಅವರ ಹೆಂಡತಿ ಸಾಕಮ್ಮನಿಗೆ ಇದು ದೃಷ್ಟಿ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಅಷ್ಟು ಜನಕ್ಕೆ ಬಡಿಸುವ ಕೈ, ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ಸುಟ್ಟರು. ಅದೂ ಆಗದಿದ್ದಾಗ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತರು. ಕಣ್ಣು ನೆಟ್ಟಗಾದರೆ ಬೆಟ್ಟಕ್ಕೆ ಬಂದು ಪರ ಮಾಡುತ್ತೇನೆ ಎಂದು. ಪರ ಎಂದರೆ ನಮ್ಮ ಕಡೆ ಗೊತ್ತಿದ್ದದ್ದೇ. ಬೆಟ್ಟದ ಮೇಲೆ ಅಡುಗೆ ಮಾಡಿ, ದೇವರಿಗೆ ಎಡೆ ಇಟ್ಟು, ಬಂದವರಿಗೆಲ್ಲ ಊಟ ಹಾಕುವುದು.

ಕೊಳ್ಳೇಗಾಲದ ಕಣ್ಣಿನ ಡಾಕ್ಟರು ನೋಡಿ ಇದು ಕಣ್ಣಿನದಲ್ಲ ಎಂದು ಮೈಸೂರಿಗೆ ಕಳಿಸಿದರು. ಅಲ್ಲಿ ನಡೆದದ್ದನ್ನು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸಿದ್ದರು. "ರೆಪ್ಪೆ ಮ್ಯಾಲೆ ಒಂದು ಐಸ್ ಗಡ್ಡೆ ಇಟ್ರು ಕಣ್ರಿ. ಸ್ವಲ್ಪ ವೊತ್ತು ಬುಟ್ಟು ತಗುದ್ರು. ಕಣ್ಣು ಪಟ್ ಅಂತ ತಕ್ಕತು! ಆ ಡಾಕ್ಟ್ರು ನಕ್ಬುಟ್ಟು, ಎದೆ ಸ್ಕ್ಯಾನ್ ಮಾಡ್ಸಿ ಅಂದ್ರು. ಅಲ್ಲ ಸಾ, ಕಣ್ಣಿಗೆ ಬಂದ್ರೆ ಎದೆ ಫೋಟೋ ಯಾಕೆ ತಗೀತೀರಿ ಅಂದೆ."

ಎದೆಮೂಳೆಯ ಹಿಂದೆ, ಥೈಮಸ್ ಎಂಬ ಗ್ರಂಥಿಯಲ್ಲಿ, ಒಂದು ಗಡ್ಡೆ ಇತ್ತು. ಕಣ್ಣಿನದು, ದನಿಯದು ಮಯಸ್ತೇನಿಯಾ ಎಂಬ ಕಾಯಿಲೆ. ಮೈ ಕಾಯಬೇಕಾದ ಕಾವಲಿನವರೇ ದಾರಿ ತಪ್ಪಿ, ನರ ಹೇಳಿದ್ದು ಸ್ನಾಯುವಿಗೆ ಮುಟ್ಟದಂತೆ ಅಡ್ಡ ನಿಲ್ಲುತ್ತಾರಂತೆ. ವಿಶ್ರಾಂತಿಯಲ್ಲಿ ಸ್ನಾಯುವಿಗೆ ಸ್ವಲ್ಪ ಶಕ್ತಿ ಇರುತ್ತದೆ, ಬಳಸಿದಷ್ಟೂ ಸೋಲುತ್ತದೆ. ಗಡ್ಡೆಗೂ ಇದಕ್ಕೂ ನಂಟಿದೆ. ಗಡ್ಡೆ ತೆಗೆಯಲೇಬೇಕು ಎಂದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎದೆ ಸೀಳಿ ಆಪರೇಷನ್ ಆಯಿತು. ಆದ ಮೇಲೆ ಉಸಿರಾಟದ ಸ್ನಾಯುಗಳು ಸೋತು, ಕೆಲವು ದಿನ ಯಂತ್ರವೇ ಅವರಿಗೆ ಉಸಿರಾಡಿಸಬೇಕಾಯಿತು. ಸಾಕಮ್ಮ ಒಬ್ಬರೇ ಅಲ್ಲಿ ಅಳುತ್ತಿದ್ದಾರೆಂದು ನಾನು ಬಸ್ಸು ಹತ್ತಿ ಹೋಗಿದ್ದೆ. ಯಂತ್ರ ತೆಗೆದ ದಿನ ಆಪರೇಷನ್ ಮಾಡಿದ ಡಾಕ್ಟರು ನಮ್ಮನ್ನು ಕರೆದು ಕೂರಿಸಿಕೊಂಡರು. ಸಣ್ಣ ವಯಸ್ಸಿನ ಹೆಣ್ಣುಮಗಳು, ನಿಧಾನವಾಗಿ ಹೇಳಿದಳು.

"ಗಡ್ಡೆ ಪೂರ್ತಿ ಬಂದಿದೆ ಅಮ್ಮ. ಮೇಲಿನ ಪೊರೆ ಸಹ ಒಡೆದಿರಲಿಲ್ಲ. ಗಡ್ಡೆ ಜೊತೆ ಈ ಸ್ನಾಯು ಕಾಯಿಲೆನೂ ಇದ್ದರೆ ಆಪರೇಷನ್ ಆದಮೇಲೆ ಹೆಚ್ಚು ದಿನ ಬದುಕಲ್ಲ ಅಂತ ಹಿಂದೆಲ್ಲ ಅಂದುಕೊಳ್ತಿದ್ದರು. ಹಾಗೇನಿಲ್ಲ. ಕಣ್ಣು ಜೋತು ಬಿತ್ತಲ್ಲ, ಅದರಿಂದಲೇ ಗಡ್ಡೆ ಬೇಗ ಸಿಕ್ಕಿತು. ಇಲ್ಲದಿದ್ದರೆ ಸದ್ದಿಲ್ಲದೆ ಬೆಳೆದಿರೋದು. ಇನ್ನು ಗಡ್ಡೆಯ ಭಯ ಹೆಚ್ಚಿಲ್ಲ. ಆದರೆ ಆ ಕಾಯಿಲೆ ಗಡ್ಡೆ ಜೊತೆಗೇ ಹೋಗಿಬಿಡಲ್ಲ. ನುಂಗೋದು, ಉಸಿರಾಡೋದು, ಎರಡನ್ನೂ ಕಾಯ್ತಾ ಇರಬೇಕು. ದಣಿಯಬಾರದು. ಗುಳಿಗೆಯನ್ನ ಊಟಕ್ಕೆ ಮುಂಚೆ ಕೊಡಿ."

ಗಡ್ಡೆ ಪೂರ್ತಿ ಬಂದಿದೆ ಎಂದ ಕೂಡಲೇ ಸಾಕಮ್ಮ ಕೈ ಮುಗಿದು ಕಣ್ಣು ಮುಚ್ಚಿದ್ದರು. ಆಮೇಲಿನದು ಅವರ ಕಿವಿಗೆ ಎಷ್ಟು ಹೋಯಿತೋ. ಅವರನ್ನು ಅನ್ನುವುದೇನು, ನಾವೆಲ್ಲರೂ ಒಳ್ಳೆಯ ಸುದ್ದಿ ಸಿಕ್ಕಿದಲ್ಲಿಗೆ ಕಿವಿ ಮುಚ್ಚಿಕೊಳ್ಳುವ ಜನ. ಊರಿಗೆ ಬಂದ ಮಾತೂ ಅದೊಂದೇ: "ಮೇಷ್ಟ್ರ ಗಡ್ಡೆ ಓಯ್ತು."

ಮೇಷ್ಟ್ರಂತೂ ಆ ಎಡಗಣ್ಣಿಗೆ ಚಾಡಿಕೋರ ಎಂದು ಹೆಸರಿಟ್ಟರು. "ಜೀವ್ನದಲ್ಲಿ ಚಾಡಿ ಯೋಳೋರ್ನ ಕಂಡ್ರೆ ನಂಗಾಯ್ತಿರ್ಲಿಲ್ಲ ಟೀಚರೇ. ಈ ನನ್ಮಗ ಚಾಡಿ ಯೋಳ್ದೆ ಇದ್ದಿದ್ರೆ ನಾನು ಯಾವತ್ತೋ ಮಣ್ಣಾಗಿರ್ತಿದ್ದೆ" ಎಂದು ರೆಪ್ಪೆಯನ್ನು ಬೆರಳಿನಿಂದ ಸವರುತ್ತಿದ್ದರು.

ಶಾಲೆಗೆ ಮರಳಿದಾಗ ತೆಳ್ಳಗಾಗಿದ್ದರು. ಅಂಗಿಯ ಗುಂಡಿಯ ಸಂದಿನಲ್ಲಿ ಎದೆಯ ಹೊಲಿಗೆ ಕಾಣುತ್ತಿತ್ತು. ಗುಳಿಗೆ ನುಂಗಿ ಸ್ವಲ್ಪ ಹೊತ್ತಿಗೆ ಗಂಟಲಿಗೆ ಬಲ ಬರುತ್ತದೆ, ಆಗ ಉಣ್ಣಬೇಕು, ಕೆಲವು ಗಂಟೆ ಕಳೆದರೆ ಆ ಬಲ ಇಳಿಯುತ್ತದೆ. ಆದರೆ ಅವರು ಬಿಸಿಯೂಟ ಬಡಿಸುವುದನ್ನು ಬಿಡಲೊಲ್ಲರು, ಮಕ್ಕಳಿಗಿಂತ ಮೊದಲು ತಟ್ಟೆ ಮುಟ್ಟಲೊಲ್ಲರು. ನಾನು ಕೂಗಾಡಿದೆ. ಹೆಡ್‌ಮಾಸ್ಟರು ಬುದ್ಧಿ ಹೇಳಿದರು. ಗೋಡೆಗೆ ಹೇಳಿದಂತಾಯಿತು.

ದಾರಿ ಹುಡುಕಿದವಳು ಅಡುಗೆಯ ಪುಟ್ಟಮಾದಮ್ಮ. ಬಿಸಿಯೂಟಕ್ಕೊಂದು ನಿಯಮವಿದೆ. ಮಕ್ಕಳಿಗೆ ಬಡಿಸುವುದಕ್ಕೆ ಮೊದಲು ಮೇಷ್ಟ್ರೊಬ್ಬರು ರುಚಿ ನೋಡಬೇಕು. ನಾವೆಲ್ಲ ಅಂಗೈಯಲ್ಲಿ ಒಂದು ಚೂರು ಹಾಕಿಸಿಕೊಂಡು ನೆಕ್ಕಿ ಸಹಿ ಹಾಕುತ್ತಿದ್ದೆವು, ಅಷ್ಟೇ. ಪುಟ್ಟಮಾದಮ್ಮ ಆ ಕೆಲಸವನ್ನು ಅವರಿಗೇ ಗಂಟುಹಾಕಿದಳು. ಅವರು ಗುಳಿಗೆ ನುಂಗಿ ಸ್ವಲ್ಪ ಹೊತ್ತಾಗುತ್ತಲೇ ತಟ್ಟೆ ತುಂಬ ಮೆತ್ತಗೆ ಕಲೆಸಿದ ಅನ್ನ ಸಾರು ತಂದು ಮುಂದಿಡುವಳು.

"ರುಚಿ ನೋಡಿ ಸಾ, ಉಪ್ಪು ಸರಿಯಾಗದಾ ಯೋಳಿ."

"ರುಚಿ ನೋಡಕ್ಕೆ ಇಷ್ಟೊಂದಾ ಪುಟ್ಟಮಾದಮ್ಮ?"

"ಒಂದ್ ತುತ್ತಲ್ಲಿ ಉಪ್ಪು ತಿಳೀತದಾ? ಎಲ್ಲಾ ಕಡೆ ನೋಡ್ಬೇಕು. ಮಕ್ಳ ಊಟ, ಆಟ ಅಲ್ಲ."

ಅವರಿಗೆ ಅರ್ಥವಾಗುತ್ತಿತ್ತು. ಅರ್ಥವಾಗದವರಂತೆ ಪೂರ್ತಿ ಉಂಡು, ಕೈ ತೊಳೆದು, "ಉಪ್ಪು ಒಂಚೂರು ಮುಂದಾಯ್ತು" ಎಂದು ದಿನವೂ ಏನಾದರೊಂದು ಕೊಂಕು ತೆಗೆದು ಸೌಟು ಹಿಡಿಯುತ್ತಿದ್ದರು. ಕೊಂಕು ತೆಗೆಯದಿದ್ದರೆ ಅದು ರುಚಿ ನೋಡಿದ್ದು ಆಗುವುದಿಲ್ಲ, ಊಟವಾಗುತ್ತದೆ. ಮಾನವೂ ಉಳಿಯಿತು, ಗಂಟಲೂ ಉಳಿಯಿತು. ದನಿ ಮರಳಿತು. ಕಣ್ಣು ಸಂಜೆಯ ತನಕ ಡ್ಯೂಟಿ ಮಾಡತೊಡಗಿತು. ತಪ್ಪಿಹೋದ ಬಸ್ಸು ವಾಪಸು ಬಂದಂತೆ ನಮಗೆಲ್ಲ ಸಮಾಧಾನ.

ಕಣ್ಣು ನೆಟ್ಟಗಾಯಿತಲ್ಲ, ಇನ್ನು ಹರಕೆ ತೀರಿಸಬೇಕು. ಮೇಷ್ಟ್ರಿಗೂ ಅದೇ ಆಸೆ. ಶಾಲೆಗೆ ರಜೆ ಬಂದಾಗ ಬೆಟ್ಟದಲ್ಲಿ ಪರ ಇಟ್ಟುಕೊಂಡರು. ನಾವೆಲ್ಲ ಹೋದೆವು. ಪುಟ್ಟಮಾದಮ್ಮ ಹಿಂದಿನ ದಿನವೇ ಹೋಗಿ ಒಲೆ ಹೂಡಿದ್ದಳು. ಸಾಕಮ್ಮ ಹೊಸ ಸೀರೆ ಉಟ್ಟು ಓಡಾಡುತ್ತಿದ್ದರು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ.

ಊಟದ ಹೊತ್ತಿಗೆಂದು ಮೇಷ್ಟ್ರು ಗುಳಿಗೆ ನುಂಗಿದರು. ನಾನೇ ನೀರು ಕೊಟ್ಟೆ. ಆದರೆ ಅವತ್ತು ಅಡುಗೆಯನ್ನು ರುಚಿ ನೋಡುವ ಹಾಗಿಲ್ಲ. ದೇವರಿಗೆ ಎಡೆ ಆಗುವ ತನಕ ಎಂಜಲು ಮಾಡಬಾರದು. ಪುಟ್ಟಮಾದಮ್ಮ ಒಲೆಯ ಮುಂದಿನಿಂದ ಎರಡು ಮೂರು ಸಲ ಅವರ ಕಡೆ ನೋಡಿದಳು, ಮತ್ತೆ ಒಲೆಗೆ ಸೌದೆ ತಳ್ಳಿದಳು. ದೇವಸ್ಥಾನದಲ್ಲಿ ಜನವೋ ಜನ. ಎಡೆ ಒಪ್ಪಿಸಿ ಬರುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಆಗಲಾದರೂ ಕೂರುತ್ತಾರೆಯೇ? ಹರಕೆ ಹೊತ್ತ ಮನೆಯ ಯಜಮಾನ, ಬಂದವರು ಉಣ್ಣದೆ ಅವರು ಉಣ್ಣುವುದುಂಟೇ? ಟವೆಲ್ ಹೆಗಲೇರಿತು.

ಮೊದಲ ಪಂಕ್ತಿ ಎದ್ದಿತು. ನಡೆದು ಬಂದಿದ್ದ ಯಾತ್ರಿಕರೊಂದಷ್ಟು ಜನ ಎಲ್ಲಿಂದಲೋ ಬಂದು ಎರಡನೆಯದಕ್ಕೆ ಕೂತರು. ಅವರಿಗೂ ಮೇಷ್ಟ್ರೇ ಬಡಿಸಿದರು, ಪ್ರತಿ ಎಲೆಯ ಮುಂದೆ ಬಗ್ಗಿ, ಪ್ರತಿ ಕೈಯನ್ನೂ ನೋಡಿಕೊಂಡು. ಎಡಗಣ್ಣಿನ ರೆಪ್ಪೆ ಇಳಿಯತೊಡಗಿದ್ದನ್ನು ನಾನು ಕಂಡೆ. ಸಾಕಮ್ಮನೂ ಕಂಡರು.

"ರೀ, ಇನ್ನೊಂದ್ ಗುಳಿಗೆ ತಕಂಬುಡಿ, ಕುಂತ್ಕಳಿ ಊಟಕ್ಕೆ" ಎಂದರು.

"ಊಟಕ್ಕೆ ಮುಂಚಿನ ಗುಳಿಗೆ ತಾನೆ ಅದು? ತಕಂಡಾಗದೆ. ಇನ್ನೂ ಊಟನೇ ಆಗಿಲ್ವಲ್ಲ, ಅದೇ ಕೆಲ್ಸ ಮಾಡ್ತದೆ ಬುಡು. ಇದೊಂದ್ ಪಂಕ್ತಿ ಆಗ್ಲಿ."

ನೋಡಿ, ಎಂಥ ಲೆಕ್ಕ! ಊಟಕ್ಕೆ ಮುಂಚೆ ಎಂದು ಡಾಕ್ಟರು ಹೇಳಿದ್ದರು. ನುಂಗಿದ ಗುಳಿಗೆ ಊಟ ಬರುವ ತನಕ ಹೊಟ್ಟೆಯಲ್ಲಿ ಕಾದು ಕೂತಿರುತ್ತದೆ, ಊಟವಾಗದ ಹೊರತು ಅದರ ಬಲ ಮುಗಿಯುವುದಿಲ್ಲ ಎಂದು ಅವರ ನಂಬಿಕೆ. ಗುಳಿಗೆಯೂ ಅವರಂತೆಯೇ ಕೊನೆಯ ಪಂಕ್ತಿಗೆ ಕಾಯುತ್ತದೆ ಎಂದುಕೊಂಡಿದ್ದರು. ಅದು ಕಾಯಲಿಲ್ಲ. ಅದು ಕೊಟ್ಟ ಬಲವನ್ನೆಲ್ಲ ಅವರು ಸೌಟಿನಲ್ಲಿ ಎತ್ತಿ ಎತ್ತಿ ಬೇರೆಯವರ ಎಲೆಗೆ ಹಾಕಿ ಮುಗಿಸಿದ್ದರು. ಕೂತ್ಕೊಳ್ಳಿ ಸಾರ್ ಎಂದು ನಾವೆಲ್ಲರೂ ಹೇಳಿದೆವು, ನಿಜ. ಹೇಳುತ್ತಲೇ ಪಾಯಸಕ್ಕೆ ಎಲೆಯನ್ನೂ ಒಡ್ಡಿದೆವು.

ಕೊನೆಯ ಪಂಕ್ತಿಯಲ್ಲಿ ಪುಟ್ಟಮಾದಮ್ಮನ ಪಕ್ಕ ಕೂತರು. ಮೊದಲ ತುತ್ತು ಹೇಗೋ ಇಳಿಯಿತು. ಎರಡನೆಯದು ನಿಂತಿತು. ನೀರು ಕುಡಿದರು, ನೀರು ಮೂಗಿನಿಂದ ಬಂತು. ಕೆಮ್ಮುವುದಕ್ಕೂ ಬಲ ಇರಲಿಲ್ಲ. ಏನೋ ಹೇಳಲು ಹೋದರು, ದನಿ ಇರಲಿಲ್ಲ. ಕೈಯನ್ನು ಮಾತ್ರ ಎಲೆಯ ಮೇಲೆ ಕವುಚಿ ಒತ್ತಿ ಇಟ್ಟುಕೊಂಡಿದ್ದರು, ನಿಜವಾಗಿಯೂ ಬೇಡ ಎನ್ನುವವರಂತೆ.

ಬೆಟ್ಟದ ಆಸ್ಪತ್ರೆಯವರು ಆಮ್ಲಜನಕ ಕೊಟ್ಟು ತಕ್ಷಣ ಆಂಬುಲೆನ್ಸ್ ಹತ್ತಿಸಿದರು. ಬೆಟ್ಟದ ತಿರುವುಗಳನ್ನು ಇಳಿದು, ಹನೂರು ದಾಟಿ, ಕೊಳ್ಳೇಗಾಲ ದಾಟಿ ಮೈಸೂರು ಮುಟ್ಟುವ ತನಕ ಜೀವ ಹಿಡಿದಿದ್ದರು. ಮತ್ತೆ ಯಂತ್ರ. ಅನ್ನದ ಅಗುಳು ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಸೋಂಕಾಗಿತ್ತು. ಬೇಕಾದ್ದನ್ನೆಲ್ಲ ಮಾಡಿದರು. ಎದೆಯ ಸ್ಕ್ಯಾನನ್ನೂ ತೆಗೆದರು. ಗಡ್ಡೆ ಇದ್ದ ಜಾಗ ಶುಭ್ರವಾಗಿದೆ, ಅಲ್ಲೇನೂ ಮರಳಿ ಬಂದಿಲ್ಲ ಎಂದು ಅಲ್ಲಿನ ಡಾಕ್ಟರು ನಮಗೆ ತೋರಿಸಿದರು. ನಾವು ಅದನ್ನು ನೋಡಿ ತಲೆಯಾಡಿಸಿದೆವು. ಕೆಲವೇ ದಿನಗಳಲ್ಲಿ ಮೇಷ್ಟ್ರು ತೀರಿಕೊಂಡರು.

ಗಡ್ಡೆ ಕೊಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಗಡ್ಡೆಯಿಂದ ಅವರನ್ನು ಉಳಿಸಿದ ಕಾಯಿಲೆಯೇ ಕೊನೆಗೆ ಅವರನ್ನು ತೆಗೆದುಕೊಂಡಿತು, ಅದೂ ನಾವೆಲ್ಲ ಹೊಟ್ಟೆ ತುಂಬ ಉಂಡು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ. ಸಾಕಮ್ಮ ಯಾರನ್ನೂ ಬೈಯಲಿಲ್ಲ, ದೇವರನ್ನೂ ಬೈಯಲಿಲ್ಲ. "ನಾನು ಊಟ ಆಕುಸ್ತೀನಿ ಅಂತ ಅರ್ಕೆ ಕಟ್ಕಂಡೆ ಟೀಚರಮ್ಮ. ಅವ್ರಿಗೆ ಮೊದ್ಲು ಇಕ್ಕಿ ಆಕುಸ್ತೀನಿ ಅಂತ ಕಟ್ಕಬೇಕಾಗಿತ್ತು" ಎಂದಷ್ಟೇ ಹೇಳಿದರು. ನನಗೆ ಸಿಡುಕುವುದಕ್ಕೂ ಯಾರೂ ಸಿಗಲಿಲ್ಲ.

ತಿಥಿಗೆ ಅವರ ಹಳ್ಳಿಗೆ ಹೋದೆ. ಅಂಗಳದಲ್ಲಿ ಪಂಕ್ತಿಗೆ ಚಾಪೆ ಹಾಸಿತ್ತು. ಹಳೆಯ ವಿದ್ಯಾರ್ಥಿಗಳೇ ಬಕೆಟ್ಟು ಸೌಟು ಹಿಡಿದು ನಿಂತಿದ್ದರು. ಒಳಗೆ ಗೋಡೆಗೆ ಒರಗಿಸಿದ ಅವರ ಫೋಟೋ, ಬಣ್ಣ ಹಚ್ಚಿದ ಮೀಸೆ, ಎರಡು ಕಣ್ಣೂ ಅಗಲವಾಗಿ ತೆರೆದದ್ದು. ಎಡೆ ಆಗದೆ ಹೊರಗೆ ಯಾರಿಗೂ ಬಡಿಸುವಂತಿರಲಿಲ್ಲ. ಅಷ್ಟು ಜನರೂ ಕಾಯುತ್ತಿದ್ದರು.

ಎಡೆಯ ಎಲೆಯನ್ನು ಮನೆಯವರು ಎತ್ತಿಕೊಂಡಿದ್ದರು. ಸಾಕಮ್ಮ ತಡೆದು ಪುಟ್ಟಮಾದಮ್ಮನನ್ನು ಕರೆದರು.

"ನೀನೇ ಇಕ್ಕವ್ವ. ಅವ್ರು ಮೊದ್ಲು ಉಂಡಿದ್ದು ನೀನು ಯೋಳ್ದಾಗ ಮಾತ್ರವ."

ಪುಟ್ಟಮಾದಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎಲೆ ತೆಗೆದುಕೊಂಡಳು. ಅನ್ನಕ್ಕೆ ಸಾರು ಹಾಕಿ, ಮಕ್ಕಳಿಗೆ ಕಲೆಸುವಂತೆ ಮೆತ್ತಗೆ ಕಲೆಸಿದಳು. ಫೋಟೋದ ಮುಂದೆ ಬಗ್ಗಿ ಎಲೆಯನ್ನು ನೆಲಕ್ಕಿಟ್ಟಳು. ಆಮೇಲೆ, ದಿನವೂ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು.

"ರುಚಿ ನೋಡಿ ಸಾ, ಉಪ್ಪು ಸರಿಯಾಗದಾ ಯೋಳಿ."